ಹದಿನೇಳನೆಯ ಹೆಜ್ಜೆ

ವಿನುತಾ ಹೊಸ್ತಿಲ ಹೊರಗೆ ನಿಂತು ಕೆಮ್ಮಿದಳು. ಅವಳಿಗೆ ಕೆಮ್ಮೇನೂ ಇರಲಿಲ್ಲ. ಮುರಡಿಹಾಳದಲ್ಲಿ ಈಗ ಅದೊಂದು ರೂಢಿ. ಊರಿನಲ್ಲಿ ನಡುವಯಸ್ಸು ದಾಟಿದವರ ಪೈಕಿ ಮುಕ್ಕಾಲು ಪಾಲು ಜನರ ಕಾಲಿಗೆ ಸಮಗಾಲು ಬಂದಿತ್ತು. ಎಲ್ಲರ ಹೆಜ್ಜೆಯೂ ಒಂದೇ ತೂಕದಲ್ಲಿ, ಒಂದೇ ಅಂತರದಲ್ಲಿ ಬೀಳುತ್ತಿತ್ತು. ಕೆಮ್ಮದಿದ್ದರೆ ಬಂದವರು ಮಗನೋ ಅಳಿಯನೋ ಹಾಲಿನವನೋ ಎಂದು ಒಳಗಿದ್ದವರಿಗೆ ತಿಳಿಯುವಂತಿರಲಿಲ್ಲ.

ಸಮಗಾಲು ಎಂದರೆ ಸೊಂಟದಿಂದ ಹಿಮ್ಮಡಿಯವರೆಗೆ ಇಳಿಯುವ ಎರಡು ಬೆರಳಗಲದ ಪಟ್ಟಿ, ಅದರ ತುದಿಗೊಂದು ಮೆತ್ತನೆಯ ಅಟ್ಟೆ. ಗಟ್ಟಿ ಕಾಲು ಹೇಗೆ ಎದ್ದು ಹೇಗೆ ಊರಿತು ಎಂಬುದನ್ನು ಅದು ಓದಿಕೊಳ್ಳುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಸೋತ ಕಾಲನ್ನೂ ಹಾಗೆಯೇ ಎತ್ತಿಸಿ, ಯಾರದೇ ಕಾಲಾದರೂ ಒಂದೇ ಅಳತೆಗೆ ಇಡಿಸುತ್ತದೆ. ಮೊದಲು ಪೋಲಿಯೊ ಆದವರಿಗೆ ಕೊಟ್ಟರು, ಆಮೇಲೆ ಅಪಘಾತದವರಿಗೆ, ಕೊನೆಗೆ ಮೊಣಕಾಲು ನೋವಿನವರಿಗೂ ಬಂತು. ವಿನುತಾ ಅದನ್ನು ಹನ್ನೊಂದನೆಯ ವಯಸ್ಸಿನಿಂದ ಕಟ್ಟಿಕೊಂಡವಳು. ಈಗ ಅವಳಿಗೆ ಮೂವತ್ತನಾಲ್ಕು. ಸೀರೆಯ ಕೆಳಗೆ ಅದಿದೆ ಎಂಬುದು ಧಾರವಾಡದ ಪ್ರಯೋಗಾಲಯದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಳಗೆ ಪಡಸಾಲೆಯ ಒಂದು ಮಗ್ಗುಲಿಗೆ ಕುಣಿಮಗ್ಗ. ಮಗ ಈರಣ್ಣ ಸೊಂಟದವರೆಗೆ ನೆಲದೊಳಗೆ ಇಳಿದು ಕೂತು ಲಾಳಿ ಓಡಿಸುತ್ತಿದ್ದ. ಸೊಸೆ ಮಹಾದೇವಿ ನೂಲಿನ ಗಂಟು ಬಿಡಿಸುತ್ತಿದ್ದಳು. ಬಾಗಿಲಿಗೆ ಎದುರಾಗಿ ಗುರುಬಸವ್ವ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎಪ್ಪತ್ತಾರು ವಯಸ್ಸಿನ ಹೆಂಗಸು. ಕೆಮ್ಮು ಕೇಳಿದ ಮೇಲೆ ತಲೆ ಎತ್ತಿ, ಬರ್ರಿ ಬಾಯಾರ, ಕುಂದರ್ರಿ ಎಂದು ಚಾಪೆ ಎಳೆದಳು.

ವಿನುತಾ ಬಂದ ಕೆಲಸ ಹೇಳಿದಳು. ಏಳು ದೇಶಗಳ ಏಳು ಊರುಗಳಲ್ಲಿ, ಎಪ್ಪತ್ತು ದಾಟಿದವರು ಅಂಗವಿಕಲರನ್ನು ಹೇಗೆ ಕಾಣುತ್ತಾರೆ ಎಂಬುದನ್ನು ಅಳೆಯುವ ಕೆಲಸ ಅದು. ಕುಂಟು ನಡಿಗೆಯನ್ನು ದಿನವೂ ಕಂಡು ಕೇಳಿ ಆಯುಷ್ಯದ ಬಹುಪಾಲು ಕಳೆದವರು ಇನ್ನು ಅವರೇ. ಅವರು ಹೋದರೆ ಕೇಳುವುದಕ್ಕೆ ಯಾರೂ ಉಳಿಯುವುದಿಲ್ಲ. ಮೊದಲು ಪ್ರಶ್ನೆ, ಆಮೇಲೆ ಕುತ್ತಿಗೆಗೊಂದು ಪಟ್ಟಿ. ಒಗ್ಗದ ಸಪ್ಪಳ ಕೇಳಿದಾಗ ಮನುಷ್ಯನ ಮೈ ಅವನಿಗೇ ಗೊತ್ತಿಲ್ಲದಂತೆ ಒಂದು ಚೂರು ತಡೆಯುತ್ತದೆ. ಉಸಿರು ನಿಲ್ಲುತ್ತದೆ, ಕತ್ತಿನ ನರ ಬಿಗಿಯುತ್ತದೆ. ಆ ತಡೆಯನ್ನು ಪಟ್ಟಿ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತದೆ. ಬಾಯಿ ಏನೇ ಹೇಳಲಿ, ಮೈ ಹೇಳುವುದು ಬೇರೆ ಇರಬಹುದು.

ನಿಮಗೆ ಗೊತ್ತಿದ್ದ ಅಂಗವಿಕಲರು ಯಾರು ಎಂದು ಕೇಳಿದಾಗ ಗುರುಬಸವ್ವ ಬಹಳ ಹೊತ್ತು ಯೋಚಿಸಿ, ನಮ್ಮೂರಾಗ ಅಂಥವರು ಯಾರೂ ಇರಲಿಲ್ಲ ಎಂದಳು. ಮಹಾದೇವಿ ನಕ್ಕುಬಿಟ್ಟಳು.

"ಅತ್ತಿ, ಮತ್ತ ನಮ್ಮ ಮಾವನವರು?"

"ಅವರಿಗೇನಾಗಿತ್ತ?"

"ಊರೆಲ್ಲಾ ಕುಂಟ ಸಂಗಪ್ಪ ಅಂತಿತ್ತಲ್ಲ."

ಅದು ಬೇರೆ ಮಾತು ಎಂದು ಗುರುಬಸವ್ವ ವಿವರಿಸಿದಳು. ಊರಲ್ಲಿ ಆ ಹೆಸರಿನವರು ಮೂವರಿದ್ದರು. ಗಂಡನ ಹೆಸರನ್ನು ಅವಳು ಬಾಯಲ್ಲಿ ತರಲಿಲ್ಲ, ಬೆರಳು ಮಡಚಿ ತೋರಿಸಿದಳು. ಒಬ್ಬ ಕೆಂಪ, ಒಬ್ಬ ಅಂಗಡಿ, ಒಬ್ಬರು ಕುಂಟ. ಗುರುತಿಗೆ ಏನಾದರೂ ಬೇಕಲ್ಲ. ಹಾಗೆ ನೋಡಿದರೆ ಕಿವುಡ ನಿಂಗಪ್ಪ ಇದ್ದ, ಒಕ್ಕಣ್ಣಿ ಚನ್ನವ್ವ ಇದ್ದಳು, ಗೂನ ರಾಚಯ್ಯ ಇದ್ದ. ಒಂದೊಂದು ಹೆಸರಿಗೂ ವಿನುತಾಳ ಕೈಯ ಟ್ಯಾಬಿನಲ್ಲಿ ಕೆಂಪು ಗುರುತು ಬೀಳುತ್ತಿತ್ತು. ಕಠೋರ ಮಾತು ಎಂದು ಅದರ ಅರ್ಥ. ಐದು ನಿಮಿಷದಲ್ಲಿ ಗುರುಬಸವ್ವನ ಹಾಳೆಯೆಲ್ಲ ಕೆಂಪಾಯಿತು.

ಮನೆಯವರ ಕಾಲು ಹಾಗಿದ್ದದ್ದು ಎಂದಾದರೂ ಕಷ್ಟ ಅನಿಸಿತ್ತೇ ಎಂಬುದು ಕೊನೆಯ ಪ್ರಶ್ನೆ.

"ಕುಣಿಯಾಗ ಇಳಿದ್ರ ಎಲ್ಲಾರ ಕಾಲೂ ಒಂದ, ಬಾಯಾರ," ಎಂದಳು ಗುರುಬಸವ್ವ. "ಮಗ್ಗದ ಎರಡೂ ಹಲಗಿ ಬಲಗಾಲಿಂದ ಒತ್ತತಿದ್ರು. ಸೀರಿ ಉಟ್ಟಾಕಿಗೆ ಅದು ಗೊತ್ತಾಗತಿತ್ತೇನು?"

ವಿನುತಾ ಪಟ್ಟಿ ಕಟ್ಟಿದಳು. ಹೊಸ್ತಿಲ ಹೊರಗೆ, ಕಟ್ಟೆಯ ಮಗ್ಗುಲಿಗೆ ಪುಟ್ಟ ಧ್ವನಿಪೆಟ್ಟಿಗೆ ಇಟ್ಟು ಬಂದಳು. ಅದರಿಂದ ನಲವತ್ತು ಜನರ ಹೆಜ್ಜೆಗಳು ಒಬ್ಬರಾದ ಮೇಲೆ ಒಬ್ಬರಂತೆ ಮನೆಯತ್ತ ಬರಲಿದ್ದವು. ಇಪ್ಪತ್ತು ಸಮನಾದವು, ಇಪ್ಪತ್ತು ಏರುಪೇರಾದವು, ಏಳೂ ಊರುಗಳಿಂದ ಹಿಡಿದು ತಂದವು. ಸುಮ್ಮನೆ ಕೂತು ಕೇಳಬೇಕು, ಅಷ್ಟೇ. ಈರಣ್ಣ ಮಗ್ಗ ನಿಲ್ಲಿಸಿದ.

ಹದಿನಾರು ಜನ ಬಂದು ಹೋದರು. ಹದಿನೇಳನೆಯ ಹೆಜ್ಜೆಯಲ್ಲಿ ಒಂದು ಕಾಲು ದಪ್ಪನೆ ಊರಿತು, ಇನ್ನೊಂದು ನೆಲ ಸವರಿಕೊಂಡು ಬಂದು ಅದನ್ನು ಕೂಡಿತು. ಮತ್ತೆ ಊರಿತು, ಮತ್ತೆ ಸವರಿತು. ಗುರುಬಸವ್ವನ ಕೈಯಿಂದ ಕಂಡಿಕೆ ಜಾರಿತು. ಅವಳು ಎದ್ದು ನಿಂತಿದ್ದಳು. ಪಟ್ಟಿಯ ತಂತಿ ಕಿತ್ತು ಬಂದದ್ದೂ ತಿಳಿಯದೆ, ಮೂಲೆಯಲ್ಲಿದ್ದ ನೀರಿನ ಕೊಡದ ಕಡೆಗೆ ಮೂರು ಹೆಜ್ಜೆ ಹೋಗಿ, ಚರಿಗೆಗೆ ಕೈ ಹಾಕಿದ ಮೇಲೆ ನಿಂತಳು. ಚರಿಗೆಯನ್ನು ಇದ್ದಲ್ಲೇ ಇಟ್ಟು ಬಂದು ಕೂತಳು.

"ಏನೋ ತಿಳೀಲಿಲ್ಲ ನೋಡ್ರಿ," ಎಂದಳು. ಮುಖ ಸಣ್ಣದಾಗಿತ್ತು.

ಧಾರವಾಡದ ಪ್ರಯೋಗಾಲಯದ ಗೋಡೆಯ ಮೇಲೆ ಉಳಿದ ಆರು ಊರುಗಳ ತಡೆಯ ಗೆರೆಗಳು ಒಂದರ ಮೇಲೊಂದು ಕೂತಿದ್ದವು. ಹಿಮದ ಊರು, ದ್ವೀಪದ ಊರು, ಬೆಟ್ಟದ ಊರು, ಹೀಗೆ ಒಂದೊಂದಕ್ಕೂ ಅಡ್ಡಹೆಸರು. ಹಿಮದ ಊರಿನ ಮುದುಕರು ಬಾಯಲ್ಲಿ ಒಂದು ಒರಟು ಮಾತೂ ಆಡಿರಲಿಲ್ಲ, ಅವರ ಮೈ ಮಾತ್ರ ಎಲ್ಲರಿಗಿಂತ ಹೆಚ್ಚು ತಡೆದಿತ್ತು. ದ್ವೀಪದವರ ಮಾತು ಬೇರೆ, ದೇವರು ಬೇರೆ, ತಡೆ ಮಾತ್ರ ಅದೇ. ಏಳನೆಯ ಊರಾದ ಮುರಡಿಹಾಳವೂ ಕೂಡಿಕೊಂಡರೆ, ಕುಂಟು ನಡಿಗೆಗೆ ಅಳುಕುವುದು ಮನುಷ್ಯನ ಹುಟ್ಟುಗುಣ ಎಂದು ಬರೆಯಬಹುದಿತ್ತು. ಹಾಗೆ ಬರೆದ ಮೇಲೆ, ಕಾಲು ಸೋತ ಕೂಸು ಅಂಬೆಗಾಲು ಬಿಡುವ ಮೊದಲೇ ಅದಕ್ಕೆ ಸಮಗಾಲು ಕಟ್ಟಬೇಕೆಂಬ ನಿಯಮ ಬರಲಿತ್ತು.

ಹಿರಿಯ ವಿಜ್ಞಾನಿ ಸಬನೀಸರು ಗುರುಬಸವ್ವನ ಗೆರೆಯನ್ನು ಹಿಂದೆ ಮುಂದೆ ಸರಿಸಿ ಮೂರು ಸಲ ನೋಡಿದರು. ಗೆರೆ ತಲೆಕೆಳಗಾಗಿತ್ತು. ಏರುಪೇರಾದ ಹೆಜ್ಜೆಗಳಿಗೆ ತಡೆಯೇ ಇಲ್ಲ. ಸಮನಾದ ಹೆಜ್ಜೆ ಬಂದಾಗಲೆಲ್ಲ ಅವಳ ಉಸಿರು ನಿಂತಿತ್ತು. ಹದಿನೇಳನೆಯದರಲ್ಲಂತೂ ಎರಡನೆಯ ಕಾಲು ಊರುವ ಮೊದಲೇ ಮೈ ಏಳುವುದಕ್ಕೆ ಅಣಿಯಾಗಿತ್ತು.

ಸಬನೀಸರು ಕೆಟ್ಟವರಲ್ಲ. ತಂತಿ ಸಡಿಲಿರಬಹುದು ಎಂದರು. ಅಜ್ಜಿಗೆ ಹೇಳಿದ್ದು ತಿಳಿದಿರಲಿಕ್ಕಿಲ್ಲ ಎಂದರು. ಕೂತವರು ಎದ್ದರೆ ಅಳತೆ ಲೆಕ್ಕಕ್ಕಿಲ್ಲ ಎಂಬುದು ತಾವೇ ಬರೆದ ನೇಮ ಎಂದು ನೆನಪಿಸಿದರು.

"ಇನ್ನೊಮ್ಮೆ ಹೋಗಿ ಬರ್ರಿ ವಿನುತಾ. ಬ್ಯಾರೆ ನಲವತ್ತು ಹೆಜ್ಜಿ ಒಯ್ರಿ. ಕೂತು ಕೇಳಿದ್ರ, ಹಿಂಗ ಬಂದ್ರ, ಇಟ್ಕೊಳ್ಳೋಣು. ಎದ್ದರ ತೆಗದಬಿಡೋಣು."

ವಿನುತಾ ಆ ಗೆರೆಯನ್ನು ತನ್ನ ಪರದೆಗೆ ತಂದುಕೊಂಡು ಸಂಜೆಯವರೆಗೂ ನೋಡಿದಳು. ಕುಂಟುಗಾಲಿನ ಸಪ್ಪಳಕ್ಕೆ ಒಬ್ಬರ ಮೈ ಅರಳುವುದನ್ನು ಅವಳು ಕಂಡದ್ದು ಅದೇ ಮೊದಲು.

ಮನೆಗೆ ಬಂದಾಗ ಅವ್ವ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ವಿನುತಾ ಚಿಕ್ಕವಳಿದ್ದಾಗ ಅವ್ವನಿಗೆ ಎರಡು ದನಿ ಇದ್ದವು. ಮನೆಗೆ ಬಂದವರು ಪಡಸಾಲೆಯಲ್ಲಿ ಕೂತಿರುವಾಗ ಮಗಳು ಅಡ್ಡ ಹಾದು ಹೋದರೆ ಅವ್ವ ಥಟ್ಟನೆ ದನಿ ಏರಿಸುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕಿತೇ, ನಿಮ್ಮ ಕಡೆ ಮಳೆ ಹೇಗೆ ಎಂದು ಜೋರಾಗಿ ಕೇಳುತ್ತಿದ್ದಳು. ಮಗಳು ಅಡುಗೆಮನೆ ಮುಟ್ಟಿದ ಮೇಲೆ ದನಿ ಇಳಿಯುತ್ತಿತ್ತು. ಆ ಜೋರು ಮಾತಿನ ಕೆಳಗೆ ಮುಚ್ಚಿಟ್ಟದ್ದು ತನ್ನ ಹೆಜ್ಜೆ ಎಂದು ತಿಳಿಯುವ ಹೊತ್ತಿಗೆ ವಿನುತಾಳಿಗೆ ಒಂಬತ್ತು ವರ್ಷ. ಸಮಗಾಲು ಕಟ್ಟಿದ ದಿನ ಅವ್ವ ಓಣಿಗೆಲ್ಲ ಪೇಢೆ ಹಂಚಿದ್ದಳು. ಅಂದಿನಿಂದ ಅವಳಿಗೆ ಒಂದೇ ದನಿ, ಮೆತ್ತನೆಯದು.

ಅವ್ವನಿಗೂ ಈಗ ಎಪ್ಪತ್ತೆರಡು. ಅಳತೆಗೆ ತಕ್ಕ ವಯಸ್ಸು. ಕುತ್ತಿಗೆಯ ಪಟ್ಟಿ ಚೀಲದಲ್ಲಿತ್ತು. ಊಟ ಆಯ್ತೇನು ಎಂದು ಅವ್ವ ಕೇಳಿದಳು. ವಿನುತಾ ಚೀಲವನ್ನು ಒಯ್ದು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟು ಬಂದು, ಸೊಪ್ಪಿನ ಅರ್ಧ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು.

ಹನ್ನೊಂದು ದಿನದ ಮೇಲೆ ಅವಳು ಮತ್ತೆ ಮುರಡಿಹಾಳದ ಹೊಸ್ತಿಲ ಹೊರಗೆ ನಿಂತು ಕೆಮ್ಮಿದಳು.

ಗುರುಬಸವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆ ಉಟ್ಟು ಕೂತಿದ್ದಳು. ರಾಟಿ ಬದಿಗೆ ಸರಿದಿತ್ತು. ಬಾಯಾರು ಬರುತ್ತಾರೆಂದು ತಿಳಿದ ದಿನದಿಂದ ಅತ್ತೆಗೆ ಕೆಲಸದ ಮೇಲೆ ಲಕ್ಷ್ಯವೇ ಇಲ್ಲ ಎಂದು ಮಹಾದೇವಿ ಹೇಳಿದಳು. ಮದುವೆಗೆ ಹೊರಟವರ ಹಾಗೆ ಬೆಳಿಗ್ಗೆಯಿಂದ ಬಾಗಿಲಿಗೆ ಮುಖ ಮಾಡಿ ಕೂತಿದ್ದಾಳೆ ಎಂದು ಚೇಷ್ಟೆ ಮಾಡಿದಳು. ಗುರುಬಸವ್ವ ಸೊಸೆಯ ಮಾತಿಗೆ ಕಿವಿಗೊಡಲಿಲ್ಲ.

"ಆವತ್ತು ಒಬ್ಬವ ಬಂದಿದ್ನಲ್ರಿ, ಕಾಲು ಸವರಕೋತ. ಅವನ್ನ ಇನ್ನೊಮ್ಮೆ ಕೇಳಸ್ರಿ."

ಅದು ಆಗದು ಎಂದು ವಿನುತಾ ಹೇಳಬೇಕಾಯಿತು. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಿಸಬಾರದೆಂಬ ನೇಮವಿತ್ತು. ಆವತ್ತಿನ ನಲವತ್ತೂ ಧಾರವಾಡದಲ್ಲೇ ಉಳಿದಿದ್ದವು. ಅದು ಯಾರ ಹೆಜ್ಜೆ ಎಂದು ಗುರುಬಸವ್ವ ಕೇಳಿದಳು. ದೂರದ ದ್ವೀಪದ ಒಬ್ಬ ಮೀನುಗಾರನದು, ಅವನು ತೀರಿಕೊಂಡು ನಾಲ್ಕು ವರ್ಷವಾಯಿತು.

"ಹೆಂಡ್ತಿ ಅದಾಳೇನ್ರಿ ಅವಂಗ?"

ವಿನುತಾಳಿಗೆ ಗೊತ್ತಿರಲಿಲ್ಲ. ಇದ್ದರೆ ಆ ಸಪ್ಪಳ ಅವಳಿಗೆ ಕೊಡಬೇಕು ಎಂದು ಗುರುಬಸವ್ವ ಹೇಳಿದಳು. ಆಮೇಲೆ, ಯಾರೂ ಕೇಳದೆಯೇ, ತನ್ನ ಮನೆಯವರ ಸಂಗತಿ ತೆಗೆದಳು.

ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಪದ್ಧತಿ ಅವರಲ್ಲಿ ಇರಲಿಲ್ಲ. ಸಂಗಪ್ಪ ಅವಳನ್ನು ನಲವತ್ತೊಂಬತ್ತು ವರ್ಷ ಕರೆದೇ ಇರಲಿಲ್ಲ, ಅವಳೂ ಅವನನ್ನು ಕರೆದಿರಲಿಲ್ಲ. ಕರೆಯುವ ಅಗತ್ಯ ಬೀಳುತ್ತಿರಲಿಲ್ಲ. ನೂಲು ತರಲು ಪೇಟೆಗೆ ಹೋದವನು ಓಣಿಯ ತಿರುವಿಗೆ ಬಂದಾಗಲೇ ಆ ಹೆಜ್ಜೆ ಕೇಳುತ್ತಿತ್ತು. ಅವಳು ಎದ್ದು ಚರಿಗೆಯಲ್ಲಿ ನೀರು ತುಂಬಿ ಹೊಸ್ತಿಲಿಗೆ ಬರುವುದಕ್ಕೂ ಅವನು ಕಟ್ಟೆಯ ಹತ್ತಿರ ಬರುವುದಕ್ಕೂ ಸರಿಹೋಗುತ್ತಿತ್ತು. ಸವರುವ ಕಾಲು ತುಸು ಉದ್ದಕ್ಕೆ ಎಳೆದರೆ ಅಂದು ನೂಲು ಸಿಕ್ಕಿಲ್ಲ. ಗಟ್ಟಿ ಕಾಲು ಜೋರಾಗಿ ಊರಿದರೆ ಯಾರ ಸಂಗಡವೋ ಜಗಳವಾಗಿದೆ. ನೀರು ಕೊಡುವಾಗಲೇ ಅವಳಿಗೆ ಎಲ್ಲ ಗೊತ್ತಿರುತ್ತಿತ್ತು. ಇಬ್ಬರ ನಡುವೆ ಇದ್ದ ಮಾತೆಲ್ಲ ಅದೇ.

ಸಮಗಾಲಿನ ಯಾದಿಗೆ ಅವನ ಹೆಸರು ಹಚ್ಚಿಸಿದವಳು ಗುರುಬಸವ್ವನೇ. ಊರವರೆಲ್ಲ ಹಚ್ಚಿಸುತ್ತಿದ್ದರು. ಆರೋಗ್ಯ ಕೇಂದ್ರದ ಹುಡುಗಿ ಎರಡು ಸಲ ಬಂದು ಹೇಳಿ ಹೋಗಿದ್ದಳು. ವಯಸ್ಸಾಯಿತು, ಎಲ್ಲಾದರೂ ಬಿದ್ದಾರೆಂಬ ಹೆದರಿಕೆಯೂ ಇತ್ತು. ಅವನು ಬೇಡ ಎನ್ನಲಿಲ್ಲ. ಕಟ್ಟಿಕೊಂಡ ಮೇಲೆ ಗುಡ್ಡದ ಗುಡಿಗೂ ಹತ್ತಿ ಬಂದ. ಜನ ಅವನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಬೂಟಿನ ಸಂಗಪ್ಪ ಎಂದರು, ಅದು ನಿಲ್ಲಲಿಲ್ಲ.

"ಮೊದಲನೇ ದಿನ ಬಂದು ಕಟ್ಟಿ ಕಡೆ ನಿಂತಾರ. ನಾ ಇಲ್ಲೇ ಕಂಡಿಕಿ ಸುತ್ತಕೋತ ಕುಂತೀನಿ. ಯಾರೋ ಹೊಂಟಾರ ಓಣ್ಯಾಗ ಅಂತ ಮಾಡೀನಿ. ಅವರರ ಹೆಂಗ ಕರೀಬೇಕು? ಕರದವರಲ್ಲ. ನಿಂತು ನಿಂತು ಕೆಮ್ಮಿದ್ರು."

ಆಮೇಲಿನ ಮೂರು ವರ್ಷ ಸಂಗಪ್ಪ ಕೆಮ್ಮಿಕೊಂಡೇ ಮನೆಗೆ ಬಂದ. ಬೀಗರು ಬಂದಂತೆ, ತನ್ನ ಮನೆಯ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಅವಳು ಗಡಬಡಿಸಿ ಏಳುತ್ತಿದ್ದಳು. ನೀರು ಒಯ್ಯುವಷ್ಟರಲ್ಲಿ ಅವನು ಒಳಗೆ ಬಂದಾಗಿರುತ್ತಿತ್ತು. ನೂಲು ಸಿಕ್ಕಿತೋ ಇಲ್ಲವೋ ಬಾಯಿಂದಲೇ ಕೇಳಬೇಕಾಗುತ್ತಿತ್ತು. ಕೇಳಲು ಇಬ್ಬರಿಗೂ ನಾಚಿಕೆ. ತೆಗೆದುಬಿಡಿರಿ ಅದನ್ನು ಎನ್ನಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ಕಾಲು ನೆಟ್ಟಗಾದವನಿಗೆ ಮತ್ತೆ ಕುಂಟು ಎನ್ನುವುದು ಹೇಗೆ ಎಂದು ಸುಮ್ಮನಾಗಿದ್ದಳು. ಅವನು ಹೋದದ್ದೂ ಹಾಗೆಯೇ, ನೆಟ್ಟನೆಯ ಕಾಲಿನಲ್ಲಿ.

ಮೊಬೈಲಿನಲ್ಲಿ ಹಿಡಿದದ್ದು ಏನೂ ಇಲ್ಲವೇ ಎಂದು ವಿನುತಾ ಕೇಳಿದಳು. ಇದೆ, ಬೇಕಾದಷ್ಟಿದೆ ಎಂದಳು ಮಹಾದೇವಿ. ಮದುವೆಯದು, ತೊಟ್ಟಿಲದ್ದು, ಸೀಮಂತದ್ದು. ಎಲ್ಲದರಲ್ಲೂ ಮಾವನನ್ನು ಕುರ್ಚಿಯ ಮೇಲೆ ಕೂರಿಸಿಯೇ ಹಿಡಿದಿದ್ದರು. ನಡೆಯುವಾಗ ಯಾರೂ ಹಿಡಿದಿರಲಿಲ್ಲ. ಮಗ್ಗದ ಕುಣಿಯೊಳಗಿದ್ದ ಈರಣ್ಣ ಲಾಳಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ್ದ.

ವಿನುತಾ ಪಟ್ಟಿ ಕಟ್ಟಿದಳು. ಈ ಸಲ ಏಳಬಾರದೆಂದು ಮೊದಲೇ ಹೇಳಿದಳು. ಹೊಸ ನಲವತ್ತು ಹೆಜ್ಜೆಗಳು ಒಂದೊಂದಾಗಿ ಕಟ್ಟೆಯ ಕಡೆಗೆ ಬಂದವು. ಗುರುಬಸವ್ವ ಎರಡೂ ಕೈ ಮಡಿಲಲ್ಲಿಟ್ಟು ಕೇಳಿದಳು. ಹದಿನೈದು, ಹದಿನಾರು, ಹದಿನೇಳು. ಹದಿನೇಳನೆಯದು ಯಾವನೋ ಗಟ್ಟಿ ಕಾಲಿನ ಯುವಕನದು. ಅವಳು ಕಣ್ಣು ಮುಚ್ಚಲಿಲ್ಲ, ಬಾಗಿಲನ್ನೇ ನೋಡುತ್ತ ನಲವತ್ತೂ ಮುಗಿಯುವವರೆಗೆ ಅಲುಗದೆ ಕೂತಳು.

"ಬರಲಿಲ್ಲ ನೋಡು," ಎಂದಳು. ಬಾಯಾರ ಎನ್ನುವುದು ಬಿಟ್ಟುಹೋಗಿತ್ತು.

ಟ್ಯಾಬಿನಲ್ಲಿ ಗೆರೆ ಮೂಡಿತ್ತು. ಅದೇ ತಲೆಕೆಳಗಾದ ಗೆರೆ, ಸಮನಾದ ಹೆಜ್ಜೆಗಳಲ್ಲೆಲ್ಲ ಉಸಿರು ನಿಂತ ಗೆರೆ. ಕೂತೇ ಕೇಳಿದ್ದಾಳೆ, ಇನ್ನು ಯಾರೂ ತೆಗೆಯುವಂತಿಲ್ಲ. ಆರು ಊರುಗಳ ಎದುರು ಅದು ಉಳಿಯುತ್ತದೆ. ವಿನುತಾ ಅದನ್ನು ಉಳಿಸಿ ಧಾರವಾಡಕ್ಕೆ ಕಳಿಸಿದಳು. ಗುರುಬಸವ್ವನಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವಳು ರಾಟಿಯನ್ನು ಮುಂದಕ್ಕೆ ಎಳೆದುಕೊಂಡು, ನೂಲಿನ ತುದಿ ಹುಡುಕುತ್ತಿದ್ದಳು. ಬೆರಳಿಗೆ ಸಿಗುತ್ತಿರಲಿಲ್ಲ.

ವಿನುತಾ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಧ್ವನಿಪೆಟ್ಟಿಗೆಯನ್ನು ಚೀಲಕ್ಕೆ ಹಾಕಿದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಬಿಸಿಲಿಗೆ ಒಣಹಾಕಿದ ಕೆಂಪು ನೂಲಿನ ಲಡಿಗಳು ತಿರುವಿನ ಮನೆಯ ಗಳದ ಮೇಲೆ ತೂಗುತ್ತಿದ್ದವು. ಅವಳು ಸೀರೆಯ ನೆರಿಗೆ ಸರಿಸಿ, ಸೊಂಟದ ಕೊಂಡಿ ಬಿಚ್ಚಿದಳು, ಆಮೇಲೆ ಮೊಣಕಾಲಿನದು, ಆಮೇಲೆ ಹಿಮ್ಮಡಿಯದು. ಇಪ್ಪತ್ಮೂರು ವರ್ಷದಲ್ಲಿ ಬಚ್ಚಲುಮನೆಯ ಹೊರಗೆ ಅವಳು ಅದನ್ನು ಬಿಚ್ಚಿದ್ದಿಲ್ಲ. ತೆಳ್ಳಗಿನ ಎಡಗಾಲು ಬಿಸಿಲು ಕಂಡು ಎಷ್ಟೋ ಕಾಲವಾಗಿತ್ತು. ಸಂಗಪ್ಪನ ಹಾಗೆ ಅವಳದೂ ಎಡಗಾಲೇ. ಗೋಡೆ ಹಿಡಿದು ಓಣಿಯ ತಿರುವಿನವರೆಗೆ ಹೋದಳು. ಅಲ್ಲಿಂದ ಗೋಡೆ ಬಿಟ್ಟು, ಬಲಗಾಲನ್ನು ದಪ್ಪನೆ ಊರುತ್ತ, ಎಡಗಾಲನ್ನು ಸವರುತ್ತ, ಮನೆಯತ್ತ ನಡೆದು ಬಂದಳು.

ಒಳಗೆ ರಾಟಿ ನಿಂತಿತು.

"ತಂಗಿ," ಎಂದಳು ಗುರುಬಸವ್ವ ಒಳಗಿನಿಂದಲೇ. ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಅವರದಲ್ಲ. ನೀ ಅವರ್ಹಂಗ ಮಾಡಾಕ ಹತ್ತೀದಿ. ಬ್ಯಾಡ ಬಿಡು, ಬಿದ್ದಗಿದ್ದೀಯ."

ವಿನುತಾ ಗೋಡೆಗೆ ಒರಗಿ ನಿಂತಳು. ಉಸಿರು ಏರಿತ್ತು. ತಾನು ಮಾಡಿದ್ದು ಹುಚ್ಚಾಟ ಎಂದು ಮುಖ ಬಿಸಿಯಾಯಿತು. ಸಮಗಾಲು ಕಟ್ಟೆಯ ಮೇಲೇ ಇತ್ತು. ಚೀಲವೂ ಅಲ್ಲೇ. ಅವನ್ನು ತೆಗೆದುಕೊಂಡು ಬಸ್ಸಿನ ಹೊತ್ತಿಗೆ ಹೋಗಿಬಿಡಬೇಕೆಂದು ಮನಸ್ಸಾಯಿತು. ಆದರೆ ಅಜ್ಜಿಯ ಕೊರಳಿನ ಪಟ್ಟಿ ಬಿಚ್ಚಿರಲಿಲ್ಲ, ಒಳಗೆ ಹೋಗಲೇಬೇಕಿತ್ತು. ಈಗ ಅವಳು ಯಾರ ಹಾಗೂ ಮಾಡಲಿಲ್ಲ. ಕಾಲು ತನಗೆ ಬಂದಂತೆ ನಡೆಯಿತು. ಎಡಗಾಲಿನ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಬೆರಳ ತುದಿ ಹಗುರವಾಗಿ ತಾಗಿ, ಕೂಡಲೇ ಬಲಗಾಲು ಅವಸರದಲ್ಲಿ ಬಂದು ಬೀಳುತ್ತಿತ್ತು. ಹನ್ನೊಂದು ವರ್ಷದ ಹುಡುಗಿ ಪಡಸಾಲೆ ದಾಟುತ್ತಿದ್ದ ಹೆಜ್ಜೆ ಅದು, ಯಾರೂ ಕೇಳುವ ಮೊದಲು ಅಡುಗೆಮನೆ ಸೇರಬೇಕೆಂಬ ಹೆಜ್ಜೆ.

ಅವಳು ಹೊಸ್ತಿಲಿಗೆ ಬಂದಾಗ ಗುರುಬಸವ್ವ ಅಲ್ಲಿ ನಿಂತಿದ್ದಳು. ಕೊರಳಲ್ಲಿ ಪಟ್ಟಿ ಹಾಗೆಯೇ ಇತ್ತು, ತಂತಿ ಜೋತುಬಿದ್ದಿತ್ತು. ಕೈಯಲ್ಲಿ ಚರಿಗೆ. ವಿನುತಾ ಬಾಗಿಲ ಚೌಕಟ್ಟು ಹಿಡಿದದ್ದು ಎಡಗೈಯಲ್ಲಿ. ಅದನ್ನು ನೋಡಿ ಗುರುಬಸವ್ವ ಚರಿಗೆಯನ್ನು ಅವಳ ಬಲಗೈ ಕಡೆಗೆ ತಂದು ಹಿಡಿದಳು.

ನೀರು ತಣ್ಣಗಿತ್ತು. ವಿನುತಾ ನಿಂತಲ್ಲೇ ಪೂರ್ತಿ ಕುಡಿದಳು. ಅವಳು ಕುಡಿಯುವುದನ್ನು ಗುರುಬಸವ್ವ ನೋಡಲಿಲ್ಲ. ಓಣಿಯ ತಿರುವಿನ ಕಡೆಗೆ ನೋಡುತ್ತಿದ್ದಳು. ಅಲ್ಲಿ ಕೆಂಪು ನೂಲು ಗಾಳಿಗೆ ಅಲುಗುತ್ತಿತ್ತು, ಬೇರೇನೂ ಇರಲಿಲ್ಲ. ಖಾಲಿ ಚರಿಗೆಯನ್ನು ಇಸಿದುಕೊಂಡು ಒಳಗೆ ತಿರುಗಿದಳು. ರಾಟಿಯ ಮುಂದೆ ಕೂತ ಮೇಲೆ ಮಾತಾಡಿದಳು.

"ಮತ್ತೊಮ್ಮೆ ಬರೂದಾದ್ರ ಹಿಂಗ ಬಾ. ಕೆಮ್ಮಬ್ಯಾಡ."